ಢಂ ಅನ್ನಬೇಕಾದ ಕಡೆ ಟಿಕ್

ಹೊಸ ರೈಫಲ್ ತಂದ ಮೊದಲ ಭಾನುವಾರ ರೇಂಜಿನಲ್ಲಿ ನಾನೇ ಮದುಮಗ. ಪಾಯಿಂಟ್ ಟೂ ಟೂ, ಬೋಲ್ಟ್ ಆಕ್ಷನ್, ಅಂದರೆ ಪ್ರತಿ ಗುಂಡಿಗೂ ಹಿಂದಿನ ಅಗುಳಿಯಂಥ ಬೋಲ್ಟನ್ನು ಕೈಯಿಂದ ಎಳೆದು ತಳ್ಳುವ ಬಗೆ. ಅಕ್ಕಪಕ್ಕದವರು ಕತ್ತು ಚಾಚಿ ನೋಡುತ್ತಿದ್ದರು. ನಾನು ಅದನ್ನು ಗಮನಿಸದವನ ಹಾಗೆ ಗಂಭೀರವಾಗಿ ಮಲಗಿ, ಕೆನ್ನೆ ಒತ್ತಿ, ಅರ್ಧ ಉಸಿರು ಬಿಟ್ಟು, ಟ್ರಿಗರ್ ಎಳೆದೆ.

ಟಿಕ್.

ಅಷ್ಟೇ. ಠುಸ್ ಪಟಾಕಿಯಾದರೂ ಮರ್ಯಾದೆಗೆ ಒಂದಿಷ್ಟು ಹೊಗೆ ಬಿಡುತ್ತದೆ. ಇದು ಅದನ್ನೂ ಮಾಡಲಿಲ್ಲ.

ಠುಸ್ ಪಟಾಕಿಯ ಹತ್ತಿರ ತಕ್ಷಣ ಬಗ್ಗಬಾರದು ಅಲ್ವಾ? ಇಲ್ಲೂ ಅದೇ ನಿಯಮ. ಮದ್ದು ತಡವಾಗಿ ಹೊತ್ತಿಕೊಂಡರೂ ಹೊತ್ತಿಕೊಳ್ಳಬಹುದು. ಹಾಗಾಗಿ ನಳಿಗೆಯನ್ನು ಗುರಿಯ ಕಡೆಗೇ ಇಟ್ಟುಕೊಂಡು, ಬೋಲ್ಟ್ ಮುಟ್ಟದೆ, 30 ಸೆಕೆಂಡ್ ಕಾಯಬೇಕು. ಆ ದಿನ 50ರ ಡಬ್ಬಿಯಲ್ಲಿ 9 ಕಾಡತೂಸು ಟಿಕ್ ಅಂದವು. ಲೆಕ್ಕ ಹಾಕಿದರೆ ನಾಲ್ಕೂವರೆ ನಿಮಿಷ. ನಾನು ಯಾವ ಸಂತಾಪ ಸಭೆಯಲ್ಲೂ ಅಷ್ಟು ಹೊತ್ತು ಮೌನ ಆಚರಿಸಿದವನಲ್ಲ.

ತಪ್ಪು ಯಾರದ್ದು ಅಂತ ನನಗೆ ಆಗಲೇ ಗೊತ್ತಾಗಿತ್ತು. ಕಾಡತೂಸಿನದ್ದು. ಕೈಯಾರೆ ಆರಿಸಿ ತಂದ ರೈಫಲ್‌ನಲ್ಲಿ ದೋಷ ಇರುತ್ತದೆಯೇ? ನನ್ನಲ್ಲಂತೂ ಇರುವ ಪ್ರಶ್ನೆಯೇ ಇಲ್ಲ. ಜೊತೆಗೆ ರಿಮ್‌ಫೈರ್, ಅಂದರೆ ಅಂಚಿಗೆ ಏಟು ಬಿದ್ದು ಹಾರುವ ಕಾಡತೂಸಿಗೆ, ಕೈಕೊಡುತ್ತದೆ ಅನ್ನುವ ಹೆಸರು ಮೊದಲಿನಿಂದಲೂ ಇದೆ. ದೊಡ್ಡ ರೈಫಲ್‌ಗಳ ಕಾಡತೂಸಿಗೆ ತಳದ ನಡುವೆ ಬೇರೆಯದೇ ಒಂದು ಟೋಪಿ ಇರುತ್ತದೆ, ಕಿಡಿ ಹುಟ್ಟುವುದು ಅಲ್ಲಿ. ನಮ್ಮ ಪಾಯಿಂಟ್ ಟೂ ಟೂಗೆ ಆ ಭಾಗ್ಯ ಇಲ್ಲ. ಕಿಡಿಮದ್ದನ್ನು ಹಸಿಯಾಗಿದ್ದಾಗಲೇ ಹಿತ್ತಾಳೆ ಕೊಳವೆಯ ತಳಕ್ಕೆ ಹಾಕಿ ಗಿರ್ರನೆ ತಿರುಗಿಸುತ್ತಾರೆ. ಅದು ಅಂಚಿನ ಟೊಳ್ಳಿನೊಳಗೆ ಸುತ್ತಲೂ ಹೋಗಿ ಕೂರಬೇಕು. ಎಲ್ಲೋ ಒಂದು ಕಡೆ ಸರಿಯಾಗಿ ಕೂರದೆ, ಟ್ರಿಗರ್ ಎಳೆದಾಗ ಬೋಲ್ಟಿನಿಂದ ಮುನ್ನುಗ್ಗುವ ಪಿನ್ನಿನ ಏಟು ಅಲ್ಲೇ ಬಿದ್ದರೆ ಮುಗೀತು, ಟಿಕ್. 1887ರಿಂದ ಈ ಕಾಡತೂಸು ಹೀಗೇ ನಡೆದುಕೊಂಡು ಬಂದಿದೆ. ಇಷ್ಟನ್ನೂ ಪಕ್ಕದವರಿಗೆ ವಿವರಿಸಿ ಹೇಳಿದೆ. ಅವರು ಕೇಳಿರಲಿಲ್ಲ.

ಮುಂದಿನ ವಾರ ಬೇರೆ ಕಂಪನಿಯ ಡಬ್ಬಿ ತಂದೆ. 11 ಟಿಕ್.

ಈ ನಡುವೆ ಮನೆಯಲ್ಲಿ ನಾನೊಂದು ಘನಕಾರ್ಯ ಮಾಡಿದ್ದೆ. ಬೋಲ್ಟ್ ಯಾಕೋ ಬಿಗಿ ಅನ್ನಿಸಿ, ಸಿಕ್ಕ ಸಂದಿಗೆಲ್ಲ ಎಣ್ಣೆ ಬಿಟ್ಟಿದ್ದೆ. ಹನಿ ಲೆಕ್ಕದಲ್ಲಲ್ಲ, ಧಾರೆ. ಯಂತ್ರಕ್ಕೆ ಎಣ್ಣೆ ಬಿದ್ದಷ್ಟೂ ಒಳ್ಳೆಯದು ಅನ್ನುವುದು ನನ್ನ ಹಳೇ ನಂಬಿಕೆ. 9 ಇದ್ದದ್ದು 11 ಆಗಿದ್ದಕ್ಕೂ ಎಣ್ಣೆಗೂ ಸಂಬಂಧ ಇರಬಹುದು ಅಂತ ಹೊಳೆಯಲೇ ಇಲ್ಲ.

ರೇಂಜಿನಲ್ಲಿ ಒಬ್ಬ ಕೋಚ್ ಇದ್ದಾರೆ. ನಾವೆಲ್ಲ ಮೇಷ್ಟ್ರು ಅನ್ನುತ್ತೇವೆ. ಮಾತು ಕಮ್ಮಿ. ಕಾಯುವ ಹೊತ್ತು ಮುಗಿಸಿ ನಾನು ಹೊರತೆಗೆದ ಕಾಡತೂಸುಗಳನ್ನು ಅಂಗೈಯಲ್ಲಿ ಹಾಕಿಕೊಂಡು, ಕನ್ನಡಕ ಹಣೆಗೇರಿಸಿ ನೋಡಿದರು.

"ಏನ್ರೀ ಇದು, ಉಗುರಲ್ಲಿ ಗೀರಿದ ಹಾಗಿದೆ."

ತಮ್ಮ ರೈಫಲ್‌ನಲ್ಲಿ ಹಾರಿದ ಖಾಲಿ ಕೇಸೊಂದನ್ನು ಪಕ್ಕದಲ್ಲಿಟ್ಟರು. ಅದರ ಅಂಚಿನಲ್ಲಿ ಹಲ್ಲು ಕಚ್ಚಿದ ಹಾಗೆ ಆಳವಾದ ಗುರುತು. ನನ್ನದರಲ್ಲಿ ಬಟ್ಟೆಗೆ ಇಸ್ತ್ರಿ ಮಡಿಕೆ ಬಿದ್ದಷ್ಟು. ಆಮೇಲೆ ನನ್ನ 11ನ್ನೂ, ಅಂಚಿನ ಇನ್ನೊಂದು ಪಕ್ಕಕ್ಕೆ ಏಟು ಬೀಳುವ ಹಾಗೆ ತಿರುಗಿಸಿ, ಒಂದೊಂದಾಗಿ ತಮ್ಮ ರೈಫಲ್‌ಗೆ ಹಾಕಿದರು. 10 ಢಂ ಅಂದವು. ಒಂದು ಮಾತ್ರ ನನ್ನ ಮಾನ ಉಳಿಸಿತು.

"ಬೋಲ್ಟ್ ಬಿಚ್ಚಿ ಒರೆಸಿದ್ರಾ?"

"ಹೊಸದು ಸರ್."

"ಅದಕ್ಕೇ ಕೇಳಿದ್ದು."

ಕಾರ್ಖಾನೆಯಿಂದ ಬರುವಾಗ ತುಕ್ಕು ಹಿಡಿಯದಿರಲಿ ಅಂತ ಒಳಗೆ ಗ್ರೀಸ್ ಬಳಿದಿರುತ್ತಾರೆ. ಬಳಸುವ ಮೊದಲು ತೆಗೆಯಬೇಕು. ಮನೆಗೆ ಬಂದು ನೋಡಿದರೆ ಜೊತೆಗೆ ಕೊಟ್ಟ ಪುಸ್ತಕದಲ್ಲಿ ಅದು ಮೂರನೇ ಪುಟದಲ್ಲೇ ಇತ್ತು. ಕಾಡತೂಸು ಕೂರುವ ಛೇಂಬರ್ ಖಾಲಿ ಇದ್ದಾಗ ಸುಮ್ನೆ ಟ್ರಿಗರ್ ಎಳೀಬೇಡಿ, ಪಿನ್ ನೇರವಾಗಿ ಛೇಂಬರಿನ ಅಂಚಿಗೆ ಬಡಿದು ಎರಡೂ ಹಾಳಾಗುತ್ತವೆ ಅಂತಲೂ ಇತ್ತು. ಮೊದಲ ವಾರ ಟಿವಿ ನೋಡುತ್ತಾ ಅದೆಷ್ಟು ಸಲ ಎಳೆದಿದ್ದೆನೋ. ಆ ಪುಟ ಬೇಗ ಮಗುಚಿದೆ.

ಮೂರು ಸಲ ಖಾಲಿ ಅಂತ ಖಾತ್ರಿ ಮಾಡಿಕೊಂಡು ಬೋಲ್ಟ್ ಬಿಚ್ಚಿದೆ. ಸ್ಪ್ರಿಂಗ್ ಠಣ್ ಅಂತ ಹಾರಿ ಬೀರುವಿನ ಕೆಳಗೆ ಹೋಯಿತು. ಅಲ್ಲಿ ಸ್ಪ್ರಿಂಗಿನ ಜೊತೆಗೆ ಹೋದ ವರ್ಷ ಕಳೆದ ಬೀರುವಿನ ಕೀಲಿಯೂ ಸಿಕ್ಕಿತು. ಪಿನ್ ಓಡಾಡುವ ಕೊರೆಯಲ್ಲಿ ಹತ್ತಿ ಸುತ್ತಿದ ಕಡ್ಡಿ ಆಡಿಸಿದರೆ, ಕಿವಿ ಗುಗ್ಗೆಯಂಥದ್ದು ಕಂದು ಬಣ್ಣದಲ್ಲಿ ಬಂತು. ಕಾರ್ಖಾನೆಯ ಗ್ರೀಸು, ಅದರ ಮೇಲೆ ನನ್ನ ಎಣ್ಣೆ, ಅದಕ್ಕೆ ಮೆತ್ತಿಕೊಂಡ ಸುಟ್ಟ ಮದ್ದಿನ ಮಸಿ. ಪಾಪದ ಪಿನ್ ಇಷ್ಟು ದಿನ ಕೆಸರುಗದ್ದೆಯಲ್ಲಿ ಓಟದ ಸ್ಪರ್ಧೆಗೆ ಇಳಿದಿತ್ತು. ಅಂಚಿಗೆ ತಲುಪುವ ಹೊತ್ತಿಗೆ ಏದುಸಿರು, ಇನ್ನು ಏಟೆಲ್ಲಿಂದ ಬರಬೇಕು?

"ಏನ್ರೀ, ನೀವು ಒರೆಸ್ತಿರೋ ಆ ಬನಿಯನ್ ಇನ್ನೂ ಹೊಸದಲ್ವಾ?" ಅಂದಳು ಹೆಂಡತಿ.

"ರೈಫಲ್ಲೂ ಹೊಸದೇ" ಅಂದೆ. ಅದು ಉತ್ತರ ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಕೊರೆಯನ್ನು ಒಣಗಿಸಿ, ಈ ಸಲ ಎಣ್ಣೆ ಮುಟ್ಟಿಸದೆ ಜೋಡಿಸಿದೆ. ಛೇಂಬರನ್ನೂ ಬ್ರಶ್ ಹಾಕಿ ತಿಕ್ಕಿದೆ. ಅಲ್ಲಿ ಕೊಳೆ ಇದ್ದರೆ ಕಾಡತೂಸು ಪೂರ್ತಿ ಒಳಗೆ ಕೂರುವುದಿಲ್ಲ, ಪಿನ್ನಿನ ಏಟೆಲ್ಲ ಅದನ್ನು ಒಳಗೆ ತಳ್ಳುವುದಕ್ಕೇ ಖರ್ಚಾಗುತ್ತದೆ.

ಮೂರನೇ ಭಾನುವಾರ 50ಕ್ಕೆ 50 ಢಂ. ಎದ್ದು ನಿಂತು ಸುತ್ತ ನೋಡಿದೆ. ಯಾರೂ ನೋಡುತ್ತಿರಲಿಲ್ಲ. ಮೇಷ್ಟ್ರು ಮಾತ್ರ ನನ್ನ ಗುರಿಹಲಗೆಯ ಕಾಗದ ಹಿಡಿದು ಬಂದರು. ತೂತುಗಳು ಒಂದೂ ಬಿಡದೆ ನಡುವಿನಿಂದ ಕೆಳಕ್ಕೆ ಇಳಿದಿದ್ದವು.

"ಹೋದ ಎರಡು ವಾರ ನೋಡಿದೆ. ಟಿಕ್ ಅಂದಾಗಲೆಲ್ಲ ನಿಮ್ಮ ನಳಿಗೆ ಕೆಳಗೆ ಬಗ್ತಿತ್ತು. ಢಂ ಅನ್ನೋ ಮುಂಚೆನೇ ಬೆದರ್ತೀರಿ. ಗುಂಡು ಹಾರಿದರೆ ಆ ಅದುರಿನಲ್ಲಿ ಅದು ಕಾಣಲ್ಲ."

ಆಮೇಲೆ ಅತ್ತ ತಿರುಗಿ ನಿಲ್ಲಿ ಅಂದರು. ನನ್ನ ರೈಫಲ್‌ನಲ್ಲಿ ಒಮ್ಮೆ ನಿಜವಾದ ಕಾಡತೂಸು, ಒಮ್ಮೆ ಹಾರಿದ ಖಾಲಿ ಕೇಸು. ಯಾವುದು ಹಾಕಿದ್ದಾರೆ ಅಂತ ಹೇಳುವುದಿಲ್ಲ, ನಾನು ನೋಡುವಂತಿಲ್ಲ. ಹದಿನೈದು ದಿನ ಯಾವುದನ್ನು ಓಡಿಸಲು ಬೆವರು ಸುರಿಸಿದ್ದೆನೋ, ಅದನ್ನೇ ಮೇಷ್ಟ್ರು ಕೈಯಾರೆ ತುಂಬಿಸಿ ಕೊಡುತ್ತಿದ್ದರು.

ಮಲಗಿದೆ. ಕೆನ್ನೆ ಒತ್ತಿದೆ. ಅರ್ಧ ಉಸಿರು ಬಿಟ್ಟು ಎಳೆದೆ.

ಟಿಕ್.

ನಳಿಗೆ ಸಣ್ಣಗೆ ತಲೆ ಬಾಗಿಸಿತು.