ಮುರಿದುಬಿದ್ದ ಮಾತುಕತೆಗೂ ಒಂದು ಮನೆ

ಫಲ ಕೊಟ್ಟ ಸಂಧಾನಗಳ ನೆನಪಿಗೆ ಕಟ್ಟಡಗಳು ಉಳಿಯುವುದು ಸಹಜ. ಏನೂ ಇತ್ಯರ್ಥವಾಗದೆ ಸುಮಾರು ಮೂರು ಗಂಟೆಗಳಲ್ಲಿ ಮುಗಿದುಹೋದ ಮಾತುಕತೆಯೊಂದಕ್ಕಾಗಿ ಮನೆಯನ್ನು ಜತನದಿಂದ ಕಾಪಾಡಿಕೊಂಡು ಬಂದಿರುವುದು ಮಾತ್ರ ಅಪರೂಪ. ನ್ಯೂಯಾರ್ಕ್ ನಗರದ ಸ್ಟ್ಯಾಟನ್ ಐಲ್ಯಾಂಡಿನ ದಕ್ಷಿಣದ ತುದಿಯಲ್ಲಿ, ಟಾಟನ್‌ವಿಲ್ ಎಂಬಲ್ಲಿ, ರಾರಿಟನ್ ಕೊಲ್ಲಿಯ ದಡದಲ್ಲಿರುವ ಕಾನ್ಫರೆನ್ಸ್ ಹೌಸ್ ಅಂಥ ಮನೆ. ನಾನಿರುವ ನ್ಯೂಜೆರ್ಸಿಯ ಎಡಿಸನ್‌ ಊರಿನಿಂದ ಹೊರಟು ಪರ್ತ್ ಆಂಬಾಯ್ ಹಾದು, ಔಟರ್‌ಬ್ರಿಡ್ಜ್ ಸೇತುವೆ ದಾಟಿದರೆ ಅದು ತೀರ ಹತ್ತಿರ. ಊರಿನಿಂದ ಬರುವ ನೆಂಟರಿಗೆ ಸ್ವಾತಂತ್ರ್ಯದೇವಿಯ ಪ್ರತಿಮೆಯ ಜೊತೆಗೆ ಈ ಮನೆಯನ್ನೂ ತೋರಿಸಬೇಕೆಂದು ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. ಈ ಮನೆಯನ್ನು ನೋಡಿದಾಗಲೆಲ್ಲ, ಕಾಳಗ ನಡೆದ ಜಾಗಗಳನ್ನು ನಾವು ಕರ್ನಾಟಕದಲ್ಲಿ ಗುರುತಿಟ್ಟುಕೊಂಡಷ್ಟು ಶ್ರದ್ಧೆಯಿಂದ ಮಾತುಕತೆ ನಡೆದ ಜಾಗಗಳನ್ನು ಗುರುತಿಟ್ಟುಕೊಂಡಿಲ್ಲ ಎಂಬುದು ನನ್ನನ್ನು ಬಾಧಿಸುತ್ತದೆ.

1776ರ ಜುಲೈ 4ರಂದು ಅಮೆರಿಕದ ವಸಾಹತುಗಳು ಸ್ವಾತಂತ್ರ್ಯ ಘೋಷಿಸಿಕೊಂಡಿದ್ದವು. ಆಗಸ್ಟ್ 27ರಂದು ಲಾಂಗ್ ಐಲ್ಯಾಂಡಿನ ಕಾಳಗದಲ್ಲಿ ವಾಷಿಂಗ್ಟನ್ನನ ಸೈನ್ಯ ಸೋತು, ಸಲಿವನ್ ಎಂಬ ಸೇನಾನಿ ಬ್ರಿಟಿಷರಿಗೆ ಸೆರೆ ಸಿಕ್ಕ. ಅಮೆರಿಕದಲ್ಲಿದ್ದ ಬ್ರಿಟಿಷ್ ನೌಕಾಪಡೆಯ ಮುಖ್ಯಸ್ಥನಾಗಿದ್ದ ಲಾರ್ಡ್ ಹೌ ಆ ಸೆರೆಯಾಳಿನ ಕೈಯಲ್ಲೇ, ಕುಳಿತು ಮಾತಾಡೋಣ ಎಂದು ವಸಾಹತುಗಳ ಪ್ರತಿನಿಧಿ ಸಭೆಯಾದ ಕಾಂಗ್ರೆಸ್ಸಿಗೆ ಹೇಳಿ ಕಳಿಸಿದ. ಕಾಂಗ್ರೆಸ್ಸಿಗೆ ಅದರಲ್ಲಿ ನಂಬಿಕೆಯಿರಲಿಲ್ಲವಾದರೂ ಬಾಗಿಲು ಮುಚ್ಚಿದೆವೆಂಬ ಮಾತು ಬರಬಾರದೆಂದು ಮೂವರನ್ನು ಕಳಿಸಿತು: ಎಪ್ಪತ್ತರ ಬೆಂಜಮಿನ್ ಫ್ರಾಂಕ್ಲಿನ್, ನಲವತ್ತರ ಜಾನ್ ಆಡಮ್ಸ್, ಇಪ್ಪತ್ತಾರರ ಎಡ್ವರ್ಡ್ ರಟ್ಲೆಜ್. ದಾರಿಯಲ್ಲಿ ನ್ಯೂ ಬ್ರನ್ಸ್‌ವಿಕ್ಕಿನಲ್ಲಿ ತಂಗಿದ ರಾತ್ರಿ ಜಾಗ ಸಾಲದೆ ಫ್ರಾಂಕ್ಲಿನ್ ಮತ್ತು ಆಡಮ್ಸ್ ಒಂದೇ ಹಾಸಿಗೆಯಲ್ಲಿ ಮಲಗಬೇಕಾಯಿತು; ಕಿಟಕಿ ತೆರೆದರೆ ನೆಗಡಿಯಾಗುವುದೋ ಮುಚ್ಚಿದರೆ ಆಗುವುದೋ ಎಂದು ಇಬ್ಬರಿಗೂ ಚರ್ಚೆ ನಡೆಯಿತು.

ಮಾತುಕತೆಯ ದಿನ, ಸೆಪ್ಟೆಂಬರ್ 11ರಂದು, ಹೌ ತನ್ನ ದೋಣಿಯಲ್ಲಿ ಒಬ್ಬ ಅಧಿಕಾರಿಯನ್ನೂ ಕಳಿಸಿದ್ದ. ಮೂವರೂ ಕ್ಷೇಮವಾಗಿ ಹಿಂದಿರುಗುವವರೆಗೆ ಆತ ಅಮೆರಿಕನ್ನರ ಬಳಿ ಒತ್ತೆಯಾಳಾಗಿರಬೇಕಿತ್ತು. ಒತ್ತೆ ಬೇಡ, ನಿಮ್ಮ ಮಾತೇ ಸಾಕು ಎಂದು ಆಡಮ್ಸ್ ಆ ಅಧಿಕಾರಿಯನ್ನೂ ಅದೇ ದೋಣಿಯಲ್ಲಿ ಹಿಂದಕ್ಕೆ ಕರೆತಂದ. ದಡದಲ್ಲಿ ಕಾದಿದ್ದ ಹೌಗೆ ಇದರಿಂದ ಸಂತೋಷವಾಯಿತು. ಆ ಮನೆಯೋ, ಕಾವಲು ಸೈನಿಕರು ಬಿಡಾರ ಹೂಡಿ ಕುದುರೆ ಲಾಯದಷ್ಟು ಹೊಲಸು ಮಾಡಿಟ್ಟಿದ್ದ ಮನೆ. ಹೌ ಒಂದು ದೊಡ್ಡ ಕೋಣೆಯನ್ನು ಶುಚಿ ಮಾಡಿಸಿ, ಸುತ್ತಲಿನ ಪೊದೆಗಳಿಂದ ಹಸಿರು ರೆಂಬೆಗಳನ್ನೂ ಪಾಚಿಯನ್ನೂ ತರಿಸಿ, ನೆಲದ ತುಂಬ ಹಾಸಿಸಿದ್ದ. ಒಳ್ಳೆಯ ದ್ರಾಕ್ಷಾರಸ, ರೊಟ್ಟಿ, ತಣ್ಣನೆಯ ಮಾಂಸದ ಬಗೆಗಳು ಊಟಕ್ಕಿದ್ದವು. ಕೋಣೆ ಬಹಳ ಸೊಗಸಾಗಿತ್ತೆಂದು, ಹೌನ ಪ್ರತಿಯೊಂದು ಮಾತನ್ನೂ ಸಂಶಯದಿಂದ ಕೇಳಿಸಿಕೊಂಡ ಆಡಮ್ಸನೇ ಬರೆದಿಟ್ಟಿದ್ದಾನೆ. ಶುಭಕಾರ್ಯಕ್ಕೆ ತಳಿರುತೋರಣ ಕಟ್ಟುವ ನಾಡಿನಿಂದ ಬಂದ ನನಗೆ ಈ ವಿವರ ಬಹಳ ಹಿಡಿಸಿದೆ. ಕೆಲವೇ ದಿನಗಳ ಹಿಂದೆ ಪರಸ್ಪರ ಗುಂಡು ಹಾರಿಸಿಕೊಂಡವರು ಒಟ್ಟಿಗೆ ಕೂರುವ ಮುನ್ನ, ಅತಿಥಿಯ ಕಾಲಡಿಗೆ ಹಸಿರಿರಲಿ ಎಂದು ಒಬ್ಬ ನೌಕಾಧಿಪತಿಗೆ ಅನಿಸಿದ್ದು ಸಣ್ಣ ಸಂಗತಿಯಲ್ಲ.

ಮಾತು ಮಾತ್ರ ಮುಂದೆ ಸಾಗಲಿಲ್ಲ. ಎದುರಿಗಿದ್ದವರನ್ನು ಕಾಂಗ್ರೆಸ್ಸಿನ ಪ್ರತಿನಿಧಿಗಳೆಂದು ಒಪ್ಪಿಕೊಳ್ಳುವ ಅಧಿಕಾರ ಹೌಗೆ ಇರಲಿಲ್ಲ; ಶರಣಾದವರಿಗೆ ಕ್ಷಮಾದಾನ ಕೊಡುವುದು, ಅಹವಾಲು ಕೇಳುವುದು, ಇಷ್ಟಕ್ಕೇ ಅವನ ಕೈ ಕಟ್ಟಿತ್ತು. ನನ್ನನ್ನು ಏನೆಂದಾದರೂ ಭಾವಿಸಿ, ಬ್ರಿಟಿಷ್ ಪ್ರಜೆಯೆಂದು ಮಾತ್ರ ಬೇಡ ಎಂದ ಆಡಮ್ಸ್. ಅಮೆರಿಕ ಸೋತರೆ ಸೋದರನನ್ನು ಕಳೆದುಕೊಂಡಷ್ಟು ನೋವಾಗುತ್ತದೆ ಎಂದು ಹೌ ಮನಸಾರೆ ಹೇಳಿದಾಗ, ಆ ನೋವು ತಮಗೆ ಬಾರದಂತೆ ನಾವು ಕೈಲಾದದ್ದನ್ನೆಲ್ಲ ಮಾಡುತ್ತೇವೆ ಎಂದು ಫ್ರಾಂಕ್ಲಿನ್ ತಲೆಬಾಗಿ ನಕ್ಕ. ನಾಲ್ಕು ದಿನಗಳ ಬಳಿಕ, ಸೆಪ್ಟೆಂಬರ್ 15ರಂದು, ಬ್ರಿಟಿಷ್ ಸೈನ್ಯ ಮ್ಯಾನ್‌ಹಟನ್ನಿಗೆ ನುಗ್ಗಿತು.

ಅಂದಿನ ಮಾತುಗಳನ್ನು ಬ್ರಿಟಿಷರ ಪರವಾಗಿ ಬರೆದುಕೊಂಡ ಕಾರ್ಯದರ್ಶಿ ಹೆನ್ರಿ ಸ್ಟ್ರೇಚಿ ಎಂಬಾತ. ಭಾರತದಲ್ಲಿ ರಾಬರ್ಟ್ ಕ್ಲೈವನ ಖಾಸಗಿ ಕಾರ್ಯದರ್ಶಿಯಾಗಿದ್ದವನೂ ಇವನೇ. ಮುಂದೆ ಅಮೆರಿಕಕ್ಕೆ ಸ್ವಾತಂತ್ರ್ಯ ದೊರೆತ ಪ್ಯಾರಿಸ್ ಸಂಧಾನದಲ್ಲೂ ಇವನಿದ್ದ. ಒಂದೇ ಸಾಮ್ರಾಜ್ಯದ ಗುಮಾಸ್ತೆಗಳು ಎರಡು ಖಂಡಗಳ ಹಣೆಬರಹ ಬರೆಯುತ್ತಿದ್ದ ಕಾಲವದು ಎಂಬುದು ನಮ್ಮವರಿಗೆ ಈ ಮನೆಯಲ್ಲಿ ಮನವರಿಕೆಯಾಗುತ್ತದೆ.

1680ರ ಆಸುಪಾಸಿನ ಈ ಕಲ್ಲಿನ ಮನೆ ಎಂದೂ ಹಾಳಾಗದೆ ಉಳಿದದ್ದೇನಲ್ಲ. 1776ರಲ್ಲಿ ಇದರ ಒಡೆಯನಾಗಿದ್ದ ಕರ್ನಲ್ ಕ್ರಿಸ್ಟೋಫರ್ ಬಿಲಪ್ ದೊರೆಗೆ ನಿಷ್ಠನಾಗಿದ್ದುದರಿಂದ ಯುದ್ಧದ ನಂತರ ಆಸ್ತಿ ಕಳೆದುಕೊಂಡು ಕೆನಡಾದ ಕಡೆಗೆ ಹೋದ. ಮನೆ ಮುಂದೆ ಬಾಡಿಗೆದಾರರ ಬಿಡಾರವಾಗಿ, ಹೋಟೆಲಾಗಿ, ಇಲಿ ಪಾಷಾಣದ ಕಾರ್ಖಾನೆಯಾಗಿ ಕೊನೆಗೆ ಶಿಥಿಲವಾಯಿತು. 1920ರ ದಶಕದಲ್ಲಿ ಸ್ಥಳೀಯರು ಸಂಘ ಕಟ್ಟಿಕೊಂಡು ಬೆನ್ನುಹತ್ತಿದ ಮೇಲೆಯೇ ಅದು 1926ರಲ್ಲಿ ನಗರದ ಸ್ವತ್ತಾಗಿ, ದುರಸ್ತಿಯಾಗಿ, ವಸ್ತುಸಂಗ್ರಹಾಲಯವಾದದ್ದು. ಇಂದು ಸ್ವಯಂಸೇವಕರು ನೆಲಮಾಳಿಗೆಯ ಅಡುಗೆಮನೆಯ ದೊಡ್ಡ ಒಲೆಯಿಂದ ಹಿಡಿದು ಎಲ್ಲವನ್ನೂ ತೋರಿಸುತ್ತಾರೆ. ಸೆಪ್ಟೆಂಬರಿನಲ್ಲಿ ಆ ದಿನದ ಭೇಟಿಯನ್ನು ಅಭಿನಯಿಸಿ ತೋರಿಸುವ ಪದ್ಧತಿಯೂ ಇದೆ. ನಾನು ಕೇಳಿದ ವಿವರಣೆಗಳಲ್ಲಿ ಹೌ ಖಳನಾಯಕನಾಗಿರಲಿಲ್ಲ, ಬಿಲಪ್ ದ್ರೋಹಿಯಾಗಿರಲಿಲ್ಲ; ಇಬ್ಬರೂ ತಮ್ಮ ತಮ್ಮ ನ್ಯಾಯವಿದ್ದ ಮನುಷ್ಯರಾಗಿದ್ದರು. ಸೋತವರ ಮನೆಯನ್ನು ಉಳಿಸಿಕೊಂಡು ಅವರ ಮಾತನ್ನೂ ಕೇಳಿಸಿಕೊಳ್ಳುವ ಈ ಸೌಜನ್ಯ ನನಗೆ ದೊಡ್ಡದಾಗಿ ಕಾಣುತ್ತದೆ.

ಈಗ ನಮ್ಮ ನಾಡಿಗೆ ಬರೋಣ. ಲಾಂಗ್ ಐಲ್ಯಾಂಡಿನ ಕಾಳಗದಲ್ಲಿ ಹೋರಾಡಿ, 1781ರಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾದ ಕಾರ್ನ್‌ವಾಲಿಸನೇ 1791ರಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದವನು. 1782ರಲ್ಲಿ ಅಮೆರಿಕನ್ನರು ತಮ್ಮ ಯುದ್ಧನೌಕೆಯೊಂದಕ್ಕೆ ಹೈದರಾಲಿಯ ಹೆಸರಿಟ್ಟಿದ್ದರು. ಡೆಲವೇರ್ ಕೊಲ್ಲಿಯಲ್ಲಿ ಅದು ಬ್ರಿಟಿಷರ ಹಡಗೊಂದನ್ನು ಸೆರೆಹಿಡಿಯಿತು. 1783ರಲ್ಲಿ ಟಿಪ್ಪು ಬ್ರಿಟಿಷರ ವಶದಲ್ಲಿದ್ದ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ್ದಾಗ, ಯುರೋಪಿನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ರಾಜಿಯಾದ ಸುದ್ದಿ ಬಂದು ಫ್ರೆಂಚ್ ತುಕಡಿ ಅವನ ಪಕ್ಕದಿಂದ ಸರಿದು ನಿಂತಿತು. ಅಮೆರಿಕದ ಯುದ್ಧದ ಅಂತ್ಯವೇ ಹೀಗೆ ನೇತ್ರಾವತಿಯ ದಡದ ಮುತ್ತಿಗೆಯನ್ನು ತಟ್ಟಿತ್ತು. ಆದರೂ ಟಿಪ್ಪು ಬಿಡಲಿಲ್ಲ. 1784ರ ಜನವರಿ ಕೊನೆಯಲ್ಲಿ ಕೋಟೆ ಅವನ ಕೈಸೇರಿತು. ಮಾರ್ಚ್ 11ರಂದು ಮಂಗಳೂರಿನಲ್ಲೇ ಒಪ್ಪಂದವಾಯಿತು. ಗೆದ್ದ ಸೀಮೆಗಳನ್ನು ಪರಸ್ಪರ ಬಿಟ್ಟುಕೊಡುವುದು, ಸೆರೆಯಾಳುಗಳನ್ನು ಬಿಡುಗಡೆ ಮಾಡುವುದು ಅದರ ತಿರುಳು. ಕಂಪನಿಯ ಮೂವರು ಕಮಿಷನರುಗಳು ಮದರಾಸಿನಿಂದ ಟಿಪ್ಪುವಿನ ಬಿಡಾರದವರೆಗೆ ಪ್ರಯಾಣ ಮಾಡಿ ಬರಬೇಕಾಗಿ ಬಂದದ್ದು ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನಿಗೆ ಅವಮಾನವೆಂದೇ ಕಂಡಿತ್ತು.

ಇದು ನಮ್ಮ ಕರಾವಳಿಯಲ್ಲಿ ನಡೆದ ದೊಡ್ಡ ರಾಜತಾಂತ್ರಿಕ ಘಟನೆ. ನಾನು ಓದಿದ ಶಾಲೆಯ ಪಾಠದಲ್ಲಿ ಇದಕ್ಕೆ ಸಿಕ್ಕಿದ್ದು ಒಂದು ಸಾಲು, ಎರಡು ಅಂಕದ ಒಂದು ಪ್ರಶ್ನೆ. ಮಂಗಳೂರಿಗೆ ಹೋದವರು ಬೋಳೂರಿನ ಸುಲ್ತಾನ್ ಬತ್ತೇರಿಯನ್ನು ನೋಡುತ್ತಾರೆ, ಫಿರಂಗಿ ಇಡುತ್ತಿದ್ದ ಕಿಂಡಿಗಳಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಒಪ್ಪಂದದ ಮಾತನ್ನು ಅಲ್ಲಿ ಯಾರೂ ನನ್ನ ಬಳಿ ಎತ್ತಿದ್ದಿಲ್ಲ. ಶ್ರೀರಂಗಪಟ್ಟಣದಲ್ಲೂ ಅಷ್ಟೇ. ಅದೇ 1784ರಲ್ಲಿ ಕಟ್ಟಿದ ದರಿಯಾ ದೌಲತ್ತಿನ ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕಾಳಗ ಇಡಿಯಾಗಿ ಹರಡಿಕೊಂಡಿದೆ: ಆನೆ ಕುದುರೆಗಳು, ಸಿಡಿಯುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಗಾಯಗೊಂಡು ಕುಳಿತ ಕರ್ನಲ್ ಬೇಯ್ಲಿ. ಗೆದ್ದವನೇ ತನ್ನ ಗೆಲುವಿನ ಕಥೆಯನ್ನು ಗೋಡೆಗೆ ಬರೆಸಿದ್ದು, ಮುಂದೆ ಅಳಿಸಿಹೋದದ್ದನ್ನು ಡಾಲ್‌ಹೌಸಿಯ ಕಾಲದಲ್ಲಿ ಮತ್ತೆ ಬರೆಸಿದ್ದು, ಇವೆಲ್ಲ ಒಂದೇ ಗೋಡೆಯಲ್ಲಿ ಸಿಗುವಂಥ ಭಾಗ್ಯ ಟಾಟನ್‌ವಿಲ್ಲಿನ ಮನೆಗಿಲ್ಲ. ಆದರೆ 1792ರಲ್ಲಿ ಅದೇ ಊರಿನ ಹೊರಗೆ ನಡೆದ ಸಂಧಾನಕ್ಕೆ ಅಂಥ ಗೋಡೆಯಿಲ್ಲ. ಸೋತ ಟಿಪ್ಪು ಅಲ್ಲಿ ತೆರಬೇಕಾದದ್ದು ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಗಂಡುಮಕ್ಕಳು. ಎಳೆಯ ರಾಜಕುಮಾರರು ಆನೆಯೇರಿ ಕಾರ್ನ್‌ವಾಲಿಸನ ಡೇರೆಗೆ ಹೋದ ದೃಶ್ಯವನ್ನು ಬ್ರಿಟಿಷ್ ಚಿತ್ರಕಾರರು ಮತ್ತೆ ಮತ್ತೆ ಬರೆದು ಲಂಡನ್ನಿನಲ್ಲಿ ಮಾರಿದರು. ಅದು ನಡೆದ ನೆಲದವರಾದ ನಾವು ಆ ಮಕ್ಕಳ ಕಡೆಯಿಂದ ಆ ದಿನವನ್ನು ಹೇಳಿಕೊಂಡದ್ದು ತೀರ ಕಡಿಮೆ.

ನಮ್ಮಲ್ಲಿ ಸಂಧಾನ ನಡೆದದ್ದು ಡೇರೆಗಳಲ್ಲಿ, ಉಳಿಸಿಕೊಳ್ಳಲು ಮನೆಯೆಲ್ಲಿದೆ ಎಂದು ಸ್ನೇಹಿತರು ಕೇಳುತ್ತಾರೆ. ಮನೆ ಬೇಕೇ ಬೇಕೆಂದಿಲ್ಲ. ಇಂಥ ಕಡೆ ಇಂಥವರು ಕುಳಿತು ಇಂಥ ಮಾತಾಡಿದರು ಎಂದು ಹೇಳುವವರಿದ್ದರೆ ಬಯಲೂ ಸಾಕು. ಟಿಪ್ಪುವಿನ ಹೆಸರೆತ್ತಿದರೆ ಜಗಳವಾಗುತ್ತದೆ, ಅದಕ್ಕೇ ಸುಮ್ಮನಿದ್ದಾರೆ ಎಂಬ ಇನ್ನೊಂದು ಮಾತು ಹೆಚ್ಚು ತೂಕದ್ದು. ಒಪ್ಪಂದವಾದ ಅದೇ 1784ರಲ್ಲಿ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಘಟ್ಟದ ಮೇಲಕ್ಕೆ ಸಾಗಿಸಿದ್ದು ಇಂದಿಗೂ ಮಂಗಳೂರಿನ ಮನೆಮನೆಯ ನೆನಪು. ಒಪ್ಪಂದದ ಕಥೆ ಹೇಳುವವರು ಅದನ್ನೂ ಹೇಳಲೇಬೇಕು. ಒಂದು ಮಾತುಕತೆಯನ್ನು ನೆನೆಯುವುದೆಂದರೆ ಅದರಲ್ಲಿ ಕುಳಿತವರನ್ನು ಪೂಜಿಸುವುದಲ್ಲ, ಶಪಿಸುವುದೂ ಅಲ್ಲ. ಯಾರು ಯಾಕೆ ಅಲ್ಲಿಗೆ ಬಂದರು, ಏನು ಕೇಳಿದರು, ಯಾವುದನ್ನು ಕೊಡಲಾರದೆ ಹೋದರು ಎಂದು ತಿಳಿಯುವುದು.

ಅಮೆರಿಕದ ರೀತಿಯಲ್ಲೂ ಕುಂದಿದೆ. ಕಾನ್ಫರೆನ್ಸ್ ಹೌಸ್ ನಿಂತಿರುವ ಉದ್ಯಾನದಲ್ಲೇ ಲೆನಾಪೆ ಮೂಲನಿವಾಸಿಗಳ ಬಹು ಹಳೆಯ ಸ್ಮಶಾನವಿದೆ. ಆ ದಿಬ್ಬದ ಮೇಲೆ ನಡೆದುಹೋಗುವ ಎಷ್ಟೋ ಜನರಿಗೆ ಅದರ ಅರಿವೇ ಇರುವುದಿಲ್ಲ. ಮೂರು ಗಂಟೆಗಳ ಭೇಟಿಗೆ ಸಲ್ಲುವ ಗೌರವಕ್ಕೂ ಸಾವಿರಾರು ವರ್ಷಗಳ ವಾಸಕ್ಕೆ ಸಲ್ಲುವ ಗಮನಕ್ಕೂ ಇರುವ ಅಂತರ ನನಗೆ ನೋವು ತರುತ್ತದೆ. ನಾವು ಅವರಿಂದ ಪಡೆಯುವಾಗ ಈ ಕುರುಡನ್ನು ಪಡೆಯಬೇಕಿಲ್ಲ.

ನಾನು ಕೇಳುತ್ತಿರುವುದು ಹೆಚ್ಚು ಖರ್ಚಿನ ಕೆಲಸವನ್ನಲ್ಲ. ಮಂಗಳೂರಿನಲ್ಲಿ ವರ್ಷಕ್ಕೊಂದು ದಿನ, 1784ರ ಒಪ್ಪಂದದ ಕಲಮುಗಳನ್ನು ಕನ್ನಡದಲ್ಲೂ ತುಳು, ಕೊಂಕಣಿ, ಬ್ಯಾರಿ ಭಾಷೆಗಳಲ್ಲೂ ಸಾರ್ವಜನಿಕವಾಗಿ ಓದಬೇಕು. ಟಿಪ್ಪುವಿನ ಕಡೆಯ ವಾದವನ್ನೂ ಕಂಪನಿಯ ಕಡೆಯ ವಾದವನ್ನೂ ಕಾಲೇಜು ವಿದ್ಯಾರ್ಥಿಗಳು ಎದುರುಬದುರು ಕುಳಿತು ಮಂಡಿಸಬೇಕು. ಸೆರೆಹೋದ ಕುಟುಂಬಗಳ ನೆನಪನ್ನು ಅವರ ವಂಶದವರೇ ಹೇಳಬೇಕು. ತಾಳಮದ್ದಳೆಯಲ್ಲಿ ಪಾಂಡವರ ಪರವಾಗಿ ಮಾತಾಡಿದಷ್ಟೇ ಶಕ್ತಿಯಿಂದ ಕೌರವನ ಪರವಾಗಿಯೂ ಅರ್ಥ ಹೇಳಬಲ್ಲ ಕರಾವಳಿಯ ಜನಕ್ಕೆ ಇದು ಹೊಸ ವಿದ್ಯೆಯಲ್ಲ. ಮಾರ್ಚ್ ಪರೀಕ್ಷೆಗಳ ತಿಂಗಳಾದ್ದರಿಂದ, ಮಕ್ಕಳೂ ಬರುವಂತಾಗಬೇಕಾದರೆ ಜನವರಿಯ ಕೊನೆಯಲ್ಲಿ, ಕೋಟೆ ಕೈಬದಲಾದ ದಿನಗಳಲ್ಲೇ ಇದನ್ನು ನಡೆಸಬಹುದು.