ಕಾರಿಲ್ಲದವಳು ಮಾತಾಡಬಾರದಾ?

"ನಿಮ್ದು ಕಾರ್ ಅದ ಏನ್ರೀ?"

ಇಷ್ಟೇ ಕೇಳಿದ್ದು. ಬೆಳಿಗ್ಗೆ ಹನ್ನೊಂದೂವರೆಗೆ ಕೇಳಿದ ಮಾತು. ಈಗ ರಾತ್ರಿ ಹತ್ತಾಯಿತು, ಇನ್ನೂ ಕಿವಿಯಲ್ಲೇ ಇದೆ. ಊಟ ಸೇರಲಿಲ್ಲ. ಮಷಿನ್ ಮುಂದೆ ಕೂತರೆ ಹೊಲಿಗೆ ಸೊಟ್ಟ ಬರುತ್ತಿದೆ. ಒಂದು ಬ್ಲೌಸಿನ ತೋಳು ಉಲ್ಟಾ ಹಚ್ಚಿ, ಬಿಚ್ಚಿ, ಮತ್ತೆ ಹಚ್ಚಿ, ಕೊನೆಗೆ ಎತ್ತಿಟ್ಟೆ. ಯಾರಿಗಾದರೂ ಹೇಳದಿದ್ದರೆ ನಿದ್ದೆ ಬರುವುದಿಲ್ಲ.

ಬಜಾರಿನ ಹಿಂದೆ ಕಾರು, ಗಾಡಿ ನಿಲ್ಲಿಸುವ ಬಯಲು ಮಾರುತ್ತಾರಂತೆ. ಗೋಡೆಗೆ ಕಾಗದ ಅಂಟಿಸಿದ್ದಾರೆ, ಅಂಗಡಿ ಮಳಿಗೆ ಕಟ್ಟುತ್ತಾರಂತೆ. ತಕರಾರು ಇದ್ದವರು ಸೋಮವಾರದೊಳಗೆ ಬರೆದು ಕೊಡಿ ಅಂತ ಅದರಲ್ಲೇ ಇದೆ. ನಾನು ಬರೆದೆ. ಮೂರು ಪುಟ. ಸುತ್ತಲಿನ ಅಂಗಡಿ, ತಳ್ಳುಗಾಡಿ, ಆಟೋ ಸ್ಟ್ಯಾಂಡ್ ಎಲ್ಲ ಕಡೆ ಓಡಾಡಿ ಸಹಿ ಮಾಡಿಸಿದೆ. ನಾಲ್ಕು ದಿನ ಮಧ್ಯಾಹ್ನ ಅಂಗಡಿ ಮುಚ್ಚಿದೆ. ಕಲಬುರಗಿಯ ಬಿಸಿಲು ಗೊತ್ತಲ್ವಾ, ಮೇ ತಿಂಗಳಲ್ಲಿ 43, 44 ಡಿಗ್ರಿ. ಆ ಬಿಸಿಲಲ್ಲಿ ತಲೆಗೆ ಸೆರಗು ಹಾಕಿಕೊಂಡು ತಿರುಗಿದೆ.

ಇವತ್ತು ಕೊಡಲು ಹೋದೆ. ಸಾಹೇಬರ ಕೋಣೆಯಲ್ಲಿ ಆರೇಳು ಜನ ಇದ್ದರು. ಇಬ್ಬರು ಕುರ್ಚಿಯಲ್ಲಿ, ಉಳಿದವರು ನಿಂತು. ನನಗೆ ಕುಂದ್ರಿ ಅಂತ ಯಾರೂ ಹೇಳಲಿಲ್ಲ, ಅದನ್ನು ನಾನು ಕೇಳಲೂ ಇಲ್ಲ. ಅರ್ಜಿ ಟೇಬಲ್ ಮೇಲೆ ಇಟ್ಟೆ. ಅವರು ಪೆನ್ನಿನ ಮುಚ್ಚಳದಿಂದ ಪುಟ ಮಗುಚಿದರು. ಕೈ ಹಚ್ಚಲಿಲ್ಲ. ಒಂದು ಪುಟ, ಎರಡು ಪುಟ. ಆಮೇಲೆ ತಲೆ ಎತ್ತಿ ನನ್ನ ನೋಡಿದರು.

"ನಿಮ್ದು ಕಾರ್ ಅದ ಏನ್ರೀ?"

"ಇಲ್ರೀ ಸರ್."

"ಕಾರೇ ಇಲ್ಲ. ಮತ್ತ ಕಾರ್ ನಿಂದ್ರಸೋ ಜಾಗಕ್ಕ ನೀವ್ಯಾಕ ಬಂದೀರಿ?"

ನಕ್ಕರು. ಅವರೊಬ್ಬರೇ ಅಲ್ಲ, ಕುರ್ಚಿಯಲ್ಲಿದ್ದ ಇಬ್ಬರೂ ನಕ್ಕರು. ನಿಂತವರಲ್ಲಿ ಒಬ್ಬರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅವರು ನನ್ನ ಗಿರಾಕಿಯ ಗಂಡ. ಹೋದ ತಿಂಗಳು ಅವರ ಮನೆಯ ಮದುವೆಗೆ ಹನ್ನೊಂದು ಸೀರೆಗೆ ಫಾಲ್ ಹಚ್ಚಿ ಕೊಟ್ಟಿದ್ದೆ, ಅದೂ ರಾತ್ರಿ ಒಂದರ ತನಕ ಎದ್ದಿದ್ದು.

ಅಷ್ಟರಲ್ಲಿ ಚಹಾ ಬಂತು. ಸಾಹೇಬರು ಲೋಟ ತೊಗೊಂಡು ಒಂದು ಗುಟುಕು ಕುಡಿದು ನನ್ನ ಅರ್ಜಿ ಮೇಲೇ ಇಟ್ಟರು. ಬೇಕಂತಲೇ ಇಟ್ಟರು ಅಂತ ಹೇಳಲಾರೆ. ಅವರು ನೋಡಲೇ ಇಲ್ಲ, ಅದೇ ನನಗೆ ಜಾಸ್ತಿ ಉರಿಯುವುದು. ಲೋಟ ಎತ್ತಿದಾಗ ಅಲ್ಲಿ ದುಂಡಗೆ ಕಂದು ಬಣ್ಣದ ಕಲೆ. ನಿಂಬೆಹಣ್ಣು ಮಾರುವ ಅಜ್ಜಿಯ ಹೆಬ್ಬೆಟ್ಟಿನ ಮೇಲೇ. ನೀಲಿ ಇಂಕು ಚಹಾದಲ್ಲಿ ಕಲಸಿ ಗೆರೆಗಳೆಲ್ಲ ಹರಡಿಹೋದವು. ಆ ಹೆಬ್ಬೆಟ್ಟು ಒತ್ತುವ ಮೊದಲು ಅಜ್ಜಿ ಬೆರಳನ್ನು ಸೆರಗಿಗೆ ಮೂರು ಸಲ ಒರೆಸಿಕೊಂಡಿದ್ದರು. ಸರ್ಕಾರಿ ಕಾಗದ, ಹೊಲಸು ಆಗಬಾರದು ಅಂದಿದ್ದರು.

ನಾನು ಏನೂ ಹೇಳಲಿಲ್ಲ. ನಿಂತೇ ಇದ್ದೆ. ಬಾಯಿ ಒಣಗಿತು. ಮೂರು ಪುಟ ಬರೆದವಳಿಗೆ ಮೂರು ಮಾತು ಹೊರಡಲಿಲ್ಲ.

ಈಗ ಎಲ್ಲ ಮಾತು ಬರುತ್ತಿವೆ. ಈಗ ಬಂದು ಏನು ಮಾಡುವುದು? ಆದರೂ ಹೇಳುತ್ತೇನೆ.

ಸರ್, ನನ್ನ ಹತ್ತಿರ ಕಾರಿಲ್ಲ. ಇರುವುದು ಒಂದು ಹಳೆ ಸ್ಕೂಟಿ. ಆದರೆ ನನ್ನ ಅಂಗಡಿ ಬಾಡಿಗೆ ಕಾರಿನಿಂದಲೇ ಹುಟ್ಟುತ್ತದೆ. ಆಳಂದದಿಂದ, ಜೇವರ್ಗಿಯಿಂದ, ಸೇಡಂನಿಂದ ಮದುವೆ ಬಟ್ಟೆ ತೊಗೊಳ್ಳಲು ಜನ ಬರುತ್ತಾರೆ. ಒಂದು ಗಾಡಿಯಲ್ಲಿ ಎಂಟು ಜನ. ಬಯಲಲ್ಲಿ ಗಾಡಿ ಬಿಟ್ಟು ಕಪಡಾ ಬಜಾರಿಗೆ ಹೋಗುತ್ತಾರೆ, ಸೀರೆ ತೊಗೊಂಡು ವಾಪಸ್ ಬರುತ್ತಾರೆ. ಗಂಡಸರು ಬೇವಿನ ನೆರಳಲ್ಲಿ ಕೂಡುತ್ತಾರೆ, ಹೆಣ್ಣುಮಕ್ಕಳು ನನ್ನ ಅಂಗಡಿಗೆ ಬರುತ್ತಾರೆ. ಫಾಲ್, ಪಿಕೋ ಅಲ್ಲೇ ಮುಗಿಸಿಕೊಂಡು ಹೋಗುತ್ತಾರೆ. ಊರಿಗೆ ಹೋದರೆ ಆ ಕೆಲಸ ಮಾಡುವವರು ಸಿಗುವುದಿಲ್ಲ ಅಂತ. ಕೂತಷ್ಟು ಹೊತ್ತು ಅಜ್ಜಿಯ ನಿಂಬೆಹಣ್ಣು ಹೋಗುತ್ತದೆ, ಎದುರಿನ ಕ್ಯಾಂಟೀನಿನ ಸುಸಲಾ ಮಿರ್ಚಿ ಹೋಗುತ್ತದೆ. ಗಾಡಿ ನಿಲ್ಲಲು ಜಾಗ ಇಲ್ಲ ಅಂದರೆ ಅವರು ಯಾಕೆ ಬರುತ್ತಾರೆ? ಬಂದರೂ ಡ್ರೈವರ್ ಹಾರ್ನ್ ಹೊಡೆಯುತ್ತಿರುತ್ತಾನೆ, ಲಗೂ ಬರ್ರಿ ಅಂತ.

ಇನ್ನೊಂದಿದೆ. ಬಯಲು ಹೋದರೆ ಕಾರುಗಳು ಮಾಯ ಆಗುವುದಿಲ್ಲ. ರಸ್ತೆಗೆ ಬರುತ್ತವೆ. ರಸ್ತೆ ಇಕ್ಕಟ್ಟಾದ ಮೇಲೆ ಮೊದಲು ಎಬ್ಬಿಸುವುದು ಯಾರನ್ನು? ಕಾರಿನವರನ್ನಲ್ಲ. ತಳ್ಳುಗಾಡಿಯವರನ್ನು, ಗೋಣಿಚೀಲ ಹಾಸಿ ಕೂತ ಅಜ್ಜಿಯನ್ನು. ಕಾರಿಲ್ಲದವರು ಯಾಕೆ ಬಂದಿರಿ ಅಂತ ಕೇಳಿದಿರಲ್ಲ, ಇದಕ್ಕೇ ಬಂದೆ. ಬಜಾರಿನ ಗಲ್ಲಿಗಳು ಈಗಲೇ ಹೇಗಿವೆ ಅಂತ ಎಲ್ಲರಿಗೂ ಗೊತ್ತು. ಎರಡೂ ಕಡೆ ಬಟ್ಟೆಯೇ ತುಂಬಿದೆ, ಕಿಡಿ ಬಿದ್ದರೆ ಅಗ್ನಿಶಾಮಕ ಗಾಡಿ ಯಾವ ಕಡೆಯಿಂದ ಒಳಗೆ ಬರಬೇಕು?

ನೆಲಮಾಳಿಗೆಯಲ್ಲಿ ಪಾರ್ಕಿಂಗ್ ಕೊಡುತ್ತೇವೆ ಅಂತ ಆ ಕಾಗದದಲ್ಲಿದೆ. ಅಣ್ಣನ ಮಗ ಸಿವಿಲ್ ಓದುತ್ತಾನೆ, ಅವನನ್ನು ಕೂಡಿಸಿಕೊಂಡು ಲೆಕ್ಕ ಹಾಕಿಸಿದೆ. ತೆರೆದ ಜಾಗದಲ್ಲಿ ಒಂದು ಕಾರಿಗೆ ಸುತ್ತಾಡುವ ಜಾಗ ಸೇರಿ 23 ಚದರ ಮೀಟರ್ ಹಿಡಿಯುತ್ತಾರಂತೆ. ನೆಲದ ಕೆಳಗಾದರೆ 32. ಇಳಿಜಾರು ಬೇಕು, ಕಂಬ ಬೇಕು, ಮೆಟ್ಟಿಲು ಬೇಕು. 30-40ರ ಸೈಟಿನಷ್ಟು ಜಾಗದಲ್ಲಿ ಬಯಲಾದರೆ ನಾಲ್ಕು ಕಾರು, ನೆಲಮಾಳಿಗೆಯಾದರೆ ಮೂರು. ಮೇಲೆ ಅಷ್ಟು ಮಳಿಗೆ ಕಟ್ಟಿದ ಮೇಲೆ ಆ ಮಳಿಗೆಯವರ ಗಾಡಿ, ಅವರ ಗಿರಾಕಿಗಳ ಗಾಡಿ ಬೇರೆ. ಜೇವರ್ಗಿಯವರ ಪಿಕಪ್ ಎಲ್ಲಿ ಹೋಗಬೇಕು? ಅದೂ ನೆಲಮಾಳಿಗೆ ಪಾರ್ಕಿಂಗ್ ಆಗಿಯೇ ಉಳಿದರೆ. ನಕ್ಷೆಯಲ್ಲಿ ಪಾರ್ಕಿಂಗ್, ಒಳಗೆ ಹೋಗಿ ನೋಡಿದರೆ ಗೋದಾಮು, ಇದನ್ನು ನೋಡದವರು ಯಾರಿದ್ದಾರೆ?

ಆ ಬಯಲು ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಧೂಳು. ಮಳೆ ಬಂದರೆ ಎರೆಮಣ್ಣು ಚಪ್ಪಲಿ ಬಿಡುವುದಿಲ್ಲ. ಕತ್ತಲಾದ ಮೇಲೆ ಆ ಮೂಲೆಯಲ್ಲಿ ಕುಡಿಯುತ್ತಾರೆ, ಬೆಳಿಗ್ಗೆ ಬಾಟಲಿ ಚೂರು ನಾನೇ ಎಷ್ಟೋ ಸಲ ಗುಡಿಸಿದ್ದೇನೆ. ಹೆಣ್ಣುಮಕ್ಕಳಿಗೆ ಒಂದು ಶೌಚಾಲಯ ಇಲ್ಲ. ಎರಡು ಲೈಟ್ ಹಾಕಿ, ಒಂದು ಶೌಚಾಲಯ ಕಟ್ಟಿ, ಹತ್ತು ರೂಪಾಯಿ ಚೀಟಿ ಸರಿಯಾಗಿ ಹರಿಯಿರಿ. ದುಡ್ಡು ಪ್ರತಿದಿನ ಬರುತ್ತದೆ. ಮಾರಿದರೆ ಒಂದೇ ಸಲ ಬರುತ್ತದೆ, ಆಮೇಲೆ ಜಾಗವೂ ಇಲ್ಲ, ದುಡ್ಡೂ ಇಲ್ಲ.

ಬಿಡಿ. ನನಗೆ ಗೊತ್ತು, ಮಾರುತ್ತಾರೆ. ಕಾಗದ ಅಂಟಿಸುವ ಹೊತ್ತಿಗೆ ಎಲ್ಲ ಆಗಿಹೋಗಿರುತ್ತದೆ ಅಂತ ಮನೆಯವರು ಮೊದಲೇ ಹೇಳಿದ್ದರು. ಸುಮ್ನೆ ನಿನ್ನ ಕೆಲಸ ನೋಡು ಅಂದರು. ಅವರ ಮಾತು ಕೇಳಬೇಕಿತ್ತು. ನಾವು ಸಣ್ಣವರು, ಆ ಕೋಣೆಯಲ್ಲಿ ನಮಗೇನು ಕೆಲಸ.

ಇಲ್ಲ. ಯಾಕೆ ಬಿಡಬೇಕು? 2013ರಿಂದ ಸಂವಿಧಾನದಲ್ಲಿ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ಬಂದಿದೆ, ನಮ್ಮ ಭಾಗ ಉದ್ಧಾರ ಆಗುತ್ತದೆ ಅಂದರು. 2014ರಲ್ಲಿ ಗುಲ್ಬರ್ಗ ಹೋಗಿ ಕಲಬುರಗಿ ಆಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯಿತು. ಪ್ರತಿ ಸಲ ನಾನು ಖುಷಿಪಟ್ಟಿದ್ದೇನೆ, ನಿಜವಾಗಿ. ಊರು ದೊಡ್ಡದಾಗಲಿ ಅಂತ ನನಗೂ ಆಸೆ. ಆದರೆ ದೊಡ್ಡದಾಗುವ ಊರಿಗೆ ಖುಲ್ಲಾ ಜಾಗ ಜಾಸ್ತಿ ಬೇಕಲ್ವಾ? ಹೋಳಿ ಮುಗಿದ ಮೇಲೆ ಶರಣಬಸವೇಶ್ವರರ ಜಾತ್ರೆ, ಆಮೇಲೆ ಬಂದೇನವಾಜರ ಉರುಸು. ಎಲ್ಲಿಂದೆಲ್ಲಿಂದಲೋ ಬರುತ್ತಾರೆ. ಆ ದಿನಗಳಲ್ಲಿ ನಮ್ಮ ಬಯಲಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಗಾಡಿಯ ನೆರಳಲ್ಲಿ ಚಾಪೆ ಹಾಸಿ ಬುತ್ತಿ ಬಿಚ್ಚುತ್ತಾರೆ, ಕಟಿ ರೊಟ್ಟಿ, ಶೇಂಗಾ ಹಿಂಡಿ. ನನ್ನ ಅಂಗಡಿಗೆ ಬಂದು ನೀರು ಕೇಳುತ್ತಾರೆ. ಅವರನ್ನೆಲ್ಲ ಎಲ್ಲಿ ನಿಲ್ಲಿಸುತ್ತೀರಿ, ಮಳಿಗೆಯ ಮೂರನೇ ಮಹಡಿಯಲ್ಲಾ?

ಕತೆ ಇನ್ನೂ ಮುಗಿದಿಲ್ಲ. ಅದೇ ಆಫೀಸಿನಲ್ಲಿ ಅರ್ಜಿ ತೊಗೊಳ್ಳುವ ಟಪಾಲು ವಿಭಾಗದಲ್ಲಿ ಕೊಟ್ಟು ಹೋಗಿ ಅಂದರು. ಟಪಾಲಿಗೆ ಹೋದೆ. ಸಾಲಲ್ಲಿ ಒಂದು ತಾಸು. ಅಲ್ಲಿದ್ದವರು ಪುಟ ತಿರುವಿ ನೋಡಿ ವಾಪಸ್ ತಳ್ಳಿದರು. "ಇದು ಹೊಲಸಾಗೇದ್ರಿ. ಹೆಬ್ಬಟ್ಟು ಕಾಣಂಗಿಲ್ಲ. ಬ್ಯಾರೆ ಕಾಪಿ ತರ್ರಿ."

ಅವರದೇ ಚಹಾ, ಅವರದೇ ಲೋಟ, ಅವರದೇ ಟೇಬಲ್. ಹೊಲಸು ಮಾಡಿದವಳು ನಾನು. ಅಲ್ಲಿ ಅತ್ತುಬಿಟ್ಟೆ. ಅದನ್ನು ಹೇಳಲು ನನಗೆ ನಾಚಿಕೆ ಇಲ್ಲ. ಅಂಗಡಿಗೆ ಬಂದು ಷಟರ್ ಅರ್ಧ ಇಳಿಸಿ ಕೂತೆ.

ಆಗ ಮನಸ್ಸಿಗೆ ಬಂತು, ಮಾಹಿತಿ ಹಕ್ಕಿನಲ್ಲಿ ಕೇಳುತ್ತೇನೆ. 2005ರ ಕಾಯ್ದೆ, ಹತ್ತು ರೂಪಾಯಿ ಫೀಸು, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ನನ್ನದು ನಲವತ್ತು ಪದವೂ ಆಗಲ್ಲ. ಜಾಗ ಯಾರ ಹೆಸರಲ್ಲಿದೆ, ಬೆಲೆ ಯಾರು ಕಟ್ಟಿದರು, ಎಷ್ಟು ಕಟ್ಟಿದರು, ಮಾರುವ ನಿರ್ಧಾರ ಯಾವ ದಿನ ಆಯಿತು, ಆ ಪ್ರತಿ ಕೊಡಿ. ಆದರೆ 30 ದಿನ. ಸೋಮವಾರಕ್ಕೆ ಉಳಿದಿರುವುದು ನಾಲ್ಕೇ ದಿನ. ಯಾರಾದರೂ ತಿಳಿದವರು ಹೇಳಿ, ಉತ್ತರ ಬರುವವರೆಗೆ ಮಾರಾಟ ನಿಲ್ಲಿಸಲು ಏನು ಮಾಡಬೇಕು? ವಕೀಲರು ಯಾರಾದರೂ ಇದ್ದರೆ ಹೇಳಿ. ನಮ್ಮೂರಲ್ಲೇ ಹೈಕೋರ್ಟ್ ಪೀಠ ಇದೆ, ಅಲ್ಲಿಗೆ ಹೋಗಲು ನನ್ನಂಥವಳಿಗೆ ಎಷ್ಟು ಖರ್ಚಾಗುತ್ತದೆ? ದಯವಿಟ್ಟು ಯಾರಾದರೂ ಉತ್ತರ ಕೊಡಿ. ಬರೀ ಅಯ್ಯೋ ಪಾಪ ಅನ್ನಬೇಡಿ.

ಸಂಜೆ ಅಜ್ಜಿ ಬಂದರು. ಬುಟ್ಟಿ ಕೆಳಗಿಟ್ಟು ಹೊಸ್ತಿಲ ಮೇಲೆ ಕೂತರು. "ಏನಂದ್ರವ್ವಾ ಸಾಹೇಬ್ರು? ನನ್ನ ಹೆಬ್ಬಟ್ಟು ನೋಡಿದ್ರಾ?"

ನೋಡಿದರು ಅಂದೆ.

ನಾಳೆ ಬೆಳಿಗ್ಗೆ ಅದೇ ಬೆರಳಿಗೆ ಮತ್ತೆ ಇಂಕು ಹಚ್ಚಬೇಕು. ನಿನ್ನೆಯ ಕಾಗದ ಏನಾಯಿತು ಅಂತ ಕೇಳಿಯೇ ಕೇಳುತ್ತಾರೆ. ಏನಂತ ಹೇಳಲಿ?