ಬಾವಲಿ ಬಂದ ರಾತ್ರಿ, ನಾಯಿ ಕಚ್ಚಿದ ಮಧ್ಯಾಹ್ನ

ಮಿಶಿಗನ್ನಿನ ನಮ್ಮ ಮನೆಗೆ ಕಳೆದ ಆಗಸ್ಟಿನಲ್ಲಿ ಒಂದು ಬಾವಲಿ ಬಂತು. ಮಹಡಿಯ ಏಸಿ ಕೆಟ್ಟಿತ್ತು. ನಾವಿಬ್ಬರೂ ಮಕ್ಕಳಿಬ್ಬರೂ ಕೆಳಗೆ ಸಾಲಾಗಿ ಹಾಸಿಕೊಂಡು ಮಲಗಿದ್ದೆವು. ಬೆಳಗಿನ ಜಾವ ಎಚ್ಚರವಾದಾಗ ಪರದೆಗೆ ಜೋತುಬಿದ್ದಿತ್ತು, ಅಂಗೈಯಷ್ಟೂ ಇರಲಿಲ್ಲ. ಊರಲ್ಲಿ ಕಲಿತ ಬುದ್ಧಿ, ಕಿಟಕಿ ತೆಗೆದು ಟವೆಲ್ ಬೀಸಿ ಆಚೆ ಕಳಿಸಿದೆ. ಒಂದು ಜೀವ ಉಳಿಸಿದ ಪುಣ್ಯ ಅಂದುಕೊಂಡು ಕಾಫಿಗೆ ನೀರಿಟ್ಟೆ.

ಹೆಂಡತಿ ಇಲ್ಲಿನ ಆರೋಗ್ಯ ಇಲಾಖೆಗೆ ಫೋನ್ ಮಾಡಿದ ಮೇಲೆ ಪುಣ್ಯವೆಲ್ಲ ಇಳಿಯಿತು. ಅದನ್ನು ಡಬ್ಬಿಯಲ್ಲಿ ಮುಚ್ಚಿ, ತಲೆ ಜಜ್ಜಿಹೋಗದ ಹಾಗೆ ತಂದುಕೊಟ್ಟಿದ್ದರೆ ಮಿದುಳು ಪರೀಕ್ಷೆ ಮಾಡುತ್ತಿದ್ದರಂತೆ. ರೇಬೀಸ್ ಇಲ್ಲವೆಂದು ಬಂದರೆ ಯಾರಿಗೂ ಸೂಜಿ ಬೇಕಿರಲಿಲ್ಲವಂತೆ. ಹಾರಿಹೋದದ್ದನ್ನು ಎಲ್ಲಿ ಹುಡುಕುವುದು? "ನಮಗ್ಯಾರಿಗೂ ಕಚ್ಚೇ ಇಲ್ಲವಲ್ಲ" ಅಂದೆವು. ಬಾವಲಿಯ ಹಲ್ಲು ಬಹಳ ಸಣ್ಣದು, ಗುರುತು ಕಾಣದಿರಬಹುದು, ನಿದ್ದೆಯಲ್ಲಿ ಗೊತ್ತೂ ಆಗದಿರಬಹುದು, ಆದ್ದರಿಂದ ಮಲಗಿದ್ದ ಜಾಗದಲ್ಲಿ ಸಿಕ್ಕರೆ ಕಚ್ಚಿದೆ ಎಂದೇ ಲೆಕ್ಕ, ಎಂದರು ನರ್ಸ್.

ಅಮೆರಿಕದಲ್ಲಿ ನಾಯಿಯಿಂದ ನಾಯಿಗೆ ಹರಡುವ ರೇಬೀಸ್ ಇಲ್ಲವೆಂದು 2007ರಲ್ಲೇ ಘೋಷಿಸಿದ್ದಾರೆ. ಈಗ ಇಲ್ಲಿ ಹೆದರಿಕೆಯೆಲ್ಲ ಬಾವಲಿ, ರಕೂನ್, ನರಿಗಳದ್ದು. ಇಡೀ ದೇಶದಲ್ಲಿ ವರ್ಷಕ್ಕೆ ಸಾಯುವವರು ಹತ್ತು ಮಂದಿಯೂ ಇಲ್ಲ. 2021ರಲ್ಲಿ ಐದು ಜನ ಸತ್ತದ್ದೇ ದೊಡ್ಡ ಸುದ್ದಿ, ಅವರಲ್ಲಿ ನಾಲ್ವರದ್ದು ಬಾವಲಿಯಿಂದ.

ಸರಿ, ನಾಲ್ಕೂ ಜನ ಎಮರ್ಜೆನ್ಸಿಗೆ ಹೋದೆವು. ಮೊದಲ ದಿನ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್, ಅಂದರೆ ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯ, ನಮ್ಮೂರ ಬಾಯಲ್ಲಿ 'ಸೀರಮ್ಮು'. ಆಮೇಲೆ 3, 7, 14ನೇ ದಿನ ಲಸಿಕೆ ಮಾತ್ರ. ಸೀರಮ್ ಮನುಷ್ಯರ ರಕ್ತದಿಂದ ತೆಗೆದದ್ದು, ಕಿಲೋಗೆ 20 ಯೂನಿಟ್ಟಿನಂತೆ ಮೈತೂಕ ನೋಡಿ ಕೊಡುತ್ತಾರೆ. ಹಾಗಾಗಿ ಮನೆಯಲ್ಲಿ ಹೊಟ್ಟೆ ಬೆಳೆಸಿದವನ ಬಿಲ್ಲೇ ಎಲ್ಲರಿಗಿಂತ ದೊಡ್ಡದು. ಒಬ್ಬೊಬ್ಬರದ್ದೂ ಸಾವಿರಾರು ಡಾಲರ್. ಇನ್ಶೂರೆನ್ಸಿನವರ ಜೊತೆ ನನ್ನ ಪತ್ರವ್ಯವಹಾರ ಇನ್ನೂ ಮುಗಿದಿಲ್ಲ. ಇನ್ಶೂರೆನ್ಸ್ ಇಲ್ಲದವನು ಅದೇ ಬಾವಲಿಯನ್ನು ಕಂಡರೆ ಏನು ಮಾಡುತ್ತಾನೆ ಎಂಬ ಪ್ರಶ್ನೆಯನ್ನು ಇಲ್ಲಿ ಯಾರೂ ಗಟ್ಟಿಯಾಗಿ ಕೇಳುವುದಿಲ್ಲ.

ಇದಾಗಿ ಎರಡು ತಿಂಗಳಿಗೆ ತಿಪಟೂರು ಕಡೆಯ ನಮ್ಮೂರಿನಲ್ಲಿ ಅಣ್ಣನ ಮಗನಿಗೆ ನಾಯಿ ಕಚ್ಚಿತು. ಮಧ್ಯಾಹ್ನ ಸ್ಕೂಲಿಂದ ಬರುವಾಗ, ಮೀನಖಂಡಕ್ಕೆ, ರಕ್ತ ಬರುವ ಹಾಗೆ. ದೊಡ್ಡಮ್ಮ ಗಾಯಕ್ಕೆ ಸುಣ್ಣ ಮೆತ್ತಿದ್ದರು. ಫೋನಿನಲ್ಲಿ ನಾನು ಹೌಹಾರಿದರೆ ಅಣ್ಣ ಆರಾಮಾಗಿ, "ಬೀದಿನಾಯಲ್ಲ ಕಣೋ, ಪಕ್ಕದ್ಮನೆಯೋರು ಸಾಕಿರೋದು. ಹತ್ತು ದಿನ ನೋಡಣ, ಅದಕ್ಕೇನಾದ್ರೂ ಆದ್ರೆ ಹಾಕ್ಸಣ" ಅಂದ.

ನನಗೆ ತಕರಾರಿರುವುದು ಈ ಹತ್ತು ದಿನದ ಬಗ್ಗೆ. ಹತ್ತು ದಿನ ನಾಯಿಯ ಮೇಲೆ ಕಣ್ಣಿಡಬೇಕೆಂಬುದು ನಿಜವಾದ ನಿಯಮವೇ. ಆದರೆ ಲಸಿಕೆ ಶುರುಮಾಡಿ ಕಣ್ಣಿಡಬೇಕು. ಹತ್ತು ದಿನ ಕಳೆದು ನಾಯಿ ಗಟ್ಟಿಮುಟ್ಟಾಗಿದ್ದರೆ ಉಳಿದದ್ದನ್ನು ಬಿಡಬಹುದು ಎನ್ನುವುದು ಕೆಲವು ಕಡೆಯ ಲೆಕ್ಕ, ಆದರೆ ನಮ್ಮೂರಲ್ಲಿ ಚರ್ಮದೊಳಕ್ಕೆ ಕೊಡುವ ಲಸಿಕೆಯನ್ನು ನಾಯಿ ಹೇಗೇ ಇರಲಿ ಪೂರ್ತಿ ಮುಗಿಸಬೇಕು. ನಾವು ಅದನ್ನು ತಲೆಕೆಳಗು ಮಾಡಿಕೊಂಡಿದ್ದೇವೆ. "ನಾಯಿಗೆ ಹುಚ್ಚಿತ್ತಾ?" ಎಂದು ಮೊದಲು ಕೇಳುತ್ತೇವೆ. ಇಲ್ಲಿನ ನರ್ಸ್ ಕೇಳಿದ್ದು ಬಾವಲಿಯ ಸ್ವಭಾವವನ್ನಲ್ಲ, ನಾವು ಎಲ್ಲಿ ಮಲಗಿದ್ದೆವು ಎಂದು.

ದೊಡ್ಡಮ್ಮನ ಹೆದರಿಕೆಗೆ ಕಾರಣವಿದೆ, ಅದನ್ನು ನಗುವ ಹಾಗಿಲ್ಲ. ಅವರ ಕಾಲದಲ್ಲಿ ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್. ಕುರಿಯ ಮಿದುಳಿನಿಂದ ಮಾಡಿದ ಆ ಲಸಿಕೆ ನೋವಿಗೂ ಅಡ್ಡಪರಿಣಾಮಕ್ಕೂ ಹೆಸರಾಗಿತ್ತು. ಭಾರತದಲ್ಲಿ ಅದರ ತಯಾರಿಕೆ 2004ರ ಕೊನೆಗೆ ನಿಂತರೂ ಊರ ನೆನಪಿನಲ್ಲಿ ನಿಂತಿಲ್ಲ. ಈಗಿನದು ಎರಡು ತೋಳಿನ ಚರ್ಮದೊಳಕ್ಕೆ 0.1 ಮಿಲಿ ಲೀಟರಿನಂತೆ ಒಂದೊಂದು ಚುಚ್ಚು, ನಾಲ್ಕು ಸಲ. ಸರ್ಕಾರಿ ಆಸ್ಪತ್ರೆಯಲ್ಲಿ ಕಾಸಿಲ್ಲ.

ನಾನು ಹಟ ಹಿಡಿದ ಮೇಲೆ ಅಣ್ಣ ಹೋದ. ಸುಣ್ಣ ತೊಳೆದು, ಸೋಪು ಹಾಕಿ, ನಲ್ಲಿ ನೀರು ಬಿಟ್ಟು ಹದಿನೈದು ನಿಮಿಷ ತಿಕ್ಕಿಸಿದ್ದೂ ಫೋನಿನಲ್ಲೇ. ಮೊದಲು ಹೋದ ಆಸ್ಪತ್ರೆಯಲ್ಲಿ ಲಸಿಕೆ ಇತ್ತು, ಸೀರಮ್ ಇರಲಿಲ್ಲ. ಅದಕ್ಕೆ ಇನ್ನೊಂದೂರಿನ ದೊಡ್ಡ ಆಸ್ಪತ್ರೆಗೆ ಬಸ್ಸು ಹತ್ತಬೇಕಾಯಿತು. ಅಲ್ಲಿ ಕುದುರೆ ಸೀರಮ್ಮನ್ನು ಗಾಯದ ಸುತ್ತ ಕೊಟ್ಟರು. ಹೊರನಾಡಿನವರು ಊರಿಗೆ ಬಂದಾಗ 'ನಮ್ಮಲ್ಲಾದರೆ' ಎಂದು ಶುರುಮಾಡುವುದುಂಟು. ನಾನೂ ಮಾಡಿದವನೇ. ಆದರೆ ಈ ವಿಷಯದಲ್ಲಿ ಅಣ್ಣನಿಗೆ ಖರ್ಚಾದದ್ದು ಬಸ್ ಚಾರ್ಜು ಮಾತ್ರ. ಔಷಧಿ ಮುಟ್ಟಿಸುವ ದಾರಿ ನಮ್ಮದೇ ವಾಸಿ. ಆ ದಾರಿಗೆ ಕಾಲಿಡಲು ಜನ ತಡಮಾಡುತ್ತಾರೆ, ಅಷ್ಟೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಂದಾಜಿನಲ್ಲಿ ಭಾರತದಲ್ಲಿ ರೇಬೀಸಿನಿಂದ ವರ್ಷಕ್ಕೆ 5,700ಕ್ಕೂ ಹೆಚ್ಚು ಸಾವು.

ಬಾವಲಿಯಿಂದ ಒಂದು ಲಾಭವಾಗಿದೆ. ನನ್ನ ಮಕ್ಕಳು ಮುಂದಿನ ಬೇಸಿಗೆಗೆ ಊರಿಗೆ ಬಂದಾಗ ನಾಯಿ ಕಚ್ಚಿದರೆ ಅವರಿಗೆ ಎರಡೇ ಸೂಜಿ ಸಾಕು, ಅದೇ ದಿನ ಒಂದು, ಮೂರನೇ ದಿನ ಒಂದು. ಸೀರಮ್ ಬೇಕೇ ಇಲ್ಲ. ಕಚ್ಚುವ ಮೊದಲೇ ಲಸಿಕೆ ಹಾಕಿಸಿಕೊಂಡವರಿಗೂ ಹೀಗೆಯೇ. ಫಿಲಿಪೀನ್ಸಿನ 2007ರ ಕಾನೂನು, ರೇಬೀಸ್ ಹೆಚ್ಚಿರುವ ಕಡೆ ಐದರಿಂದ ಹದಿನಾಲ್ಕು ವರ್ಷದ ಶಾಲಾಮಕ್ಕಳಿಗೆ ಈ ಮುಂಚಿನ ಲಸಿಕೆಯನ್ನು ಉಚಿತವಾಗಿ ಕೊಡಬೇಕೆನ್ನುತ್ತದೆ. ಬೇಸಿಗೆಗೆ ಬರುವ ನನ್ನ ಮಕ್ಕಳಿಗೆ ಈ ಕಾಪು ಇದೆ, ದಿನಾ ಅದೇ ಬೀದಿಯಲ್ಲಿ ಸ್ಕೂಲಿಗೆ ನಡೆಯುವ ಅಣ್ಣನ ಮಗನಿಗೆ ಇರಲಿಲ್ಲ. ಕರ್ನಾಟಕ 2022ರ ಡಿಸೆಂಬರಿನಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಮಾಡಿತು. ಒಳ್ಳೆಯದೇ. ಆದರೆ ಅದು ಕಾಯಿಲೆ ಬಂದವರ ಎಣಿಕೆ, ಬಂದ ಮೇಲೆ ಉಳಿಯುವುದಂತೂ ಇಲ್ಲವೇ ಇಲ್ಲ ಎನ್ನುವಷ್ಟು ಅಪರೂಪ.

ಊರಿನ ಲೆಕ್ಕದಲ್ಲಿ ಮೊದಲ ಮೂರು ಸೂಜಿ ಒಂದೇ ವಾರದಲ್ಲಿ ಮುಗಿಯುತ್ತವೆ. ನಾಲ್ಕನೆಯದು 28ನೇ ದಿನ. ಅಷ್ಟು ಹೊತ್ತಿಗೆ ಗಾಯ ಮಾಗಿತ್ತು, ನಾಯಿ ಪಕ್ಕದ ಮನೆ ಜಗಲಿಯ ಮೇಲೆ ಬಾಲ ಆಡಿಸಿಕೊಂಡು ಮಲಗಿತ್ತು, ಹುಡುಗ ಕ್ರಿಕೆಟ್ಟಿಗೆ ಹೋಗಿದ್ದ. ಹಿಂದಿನ ರಾತ್ರಿ ಫೋನ್ ಮಾಡಿದೆ.

"ಅಣ್ಣ, ನಾಳೆ ಇಪ್ಪತ್ತೆಂಟು."

"ಹದಿನೇಳಲ್ವೇನೋ ನಾಳೆ ತಾರೀಕು?"